ಹೊಳೆಯಾಚೆ ಬಿಟ್ಟ ಬೆಕ್ಕು

“ಗುರುಗಳೇ, ನಾವು ಯಾರೆಂಬುದೇ ಗೊತ್ತಿಲ್ಲದವರಿಗೆ ಮಾಡುವ ಸೇವೆ ಯಾರಿಗೆ ಸಲ್ಲುತ್ತದೆ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಮಠದಲ್ಲಿ ಬಹುಕಾಲ ಅಡುಗೆ ಮಾಡಿದ್ದ ಅಜ್ಜಯ್ಯನವರಿಗೆ ಈಗ ಅರಳುಮರಳು. ಹಾಸಿಗೆ ಹಿಡಿದಿದ್ದ ಅವರಿಗೆ ಉಣಿಸುವ ಕೆಲಸ ಚೆನ್ನವೀರನದು. ಆ ಬೆಳಿಗ್ಗೆ ಅಜ್ಜಯ್ಯ ಗಂಜಿಯ ಬಟ್ಟಲು ತಳ್ಳಿ, “ನೀನು ಯಾವ ಊರಿನವನಯ್ಯ?” ಎಂದು ಕೇಳಿದ್ದರು. ಅದು ಅವನ ಮನಸ್ಸಿಗೆ ನಾಟಿತ್ತು.

“ನಾಳೆಯಿಂದ ಬೇರೆ ಯಾರನ್ನಾದರೂ ಕಳಿಸಿ. ಅವರಿಗೇನೂ ತಿಳಿಯುವುದಿಲ್ಲ” ಎಂದ.

“ಭಲೇ! ಅವರ ತಲೆಯೊಳಗೆ ಹೊಕ್ಕು ನೋಡಿ ಬಂದವನ ಹಾಗೆ ಮಾತಾಡುತ್ತೀಯಲ್ಲ. ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ತೊಟ್ಟಿಲಲ್ಲಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. ಅಕ್ಕ ಅವನನ್ನು ಸಾಕಿದಳು. ಹೆಣ್ಣು ಕೇಳಿಕೊಂಡು ಬಂದವರಿಗೆಲ್ಲ, ‘ನಾನು ಹೋದರೆ ಮಲ್ಲುವಿಗೆ ಯಾರು ಗತಿ?’ ಎಂದು ಹೇಳಿ ವಾಪಸು ಕಳಿಸಿದಳು. ಮಲ್ಲು ಎಂದರೆ ಅವನೇ. ಬೆಳೆದು ಊರಿಗೆಲ್ಲ ಮಲ್ಲಪ್ಪನಾದ ಮೇಲೂ ಅಕ್ಕನ ಬಾಯಲ್ಲಿ ಅವನು ಮಲ್ಲುವೇ.

ಅಂಥ ಅಕ್ಕನಿಗೆ ವಯಸ್ಸಾಗಿ ಮರೆವು ಕವಿಯಿತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು. ಆಮೇಲೆ ಮನೆಯ ದಾರಿ ಮರೆತಳು. ಕಡೆಗೆ ತಮ್ಮನ ಮುಖವೂ ಗುರುತು ಸಿಗದಾಯಿತು. ಮೈ ಸೋತು ಹಾಸಿಗೆಗೆ ಬಿದ್ದಳು. ಇನ್ನು ಬಹಳ ದಿನವಿಲ್ಲ ಎಂದು ವೈದ್ಯ ಹೇಳಿಹೋದ.

ಗಾಣಿಗ ಸೇವೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ, ಅದನ್ನು ಹೇಳಲೇಬೇಕು. ತಾನೇ ಮೈ ಒರೆಸಿದ, ತಾನೇ ಬಟ್ಟೆ ಒಗೆದ. ಅವನಿಗೆ ಇದ್ದದ್ದು ಒಂದೇ ಆಸೆ. ಕಣ್ಣು ಮುಚ್ಚುವ ಮೊದಲು ಅಕ್ಕ ತನ್ನನ್ನು ಒಮ್ಮೆ ಮಲ್ಲು ಎಂದು ಕರೆಯಬೇಕು. ಅದಕ್ಕೇ ಪ್ರತಿ ಊಟಕ್ಕೂ ತುತ್ತು ಹಿಡಿದು, ‘ಅಕ್ಕಾ, ನಾನು ಯಾರು ಹೇಳು?’ ಎಂದು ಕೇಳುತ್ತಿದ್ದ. ಅವಳು ಪಾಠ ಬಾರದ ಮಗುವಿನ ಹಾಗೆ ಕಣ್ಣು ಕಣ್ಣು ಬಿಡುತ್ತಿದ್ದಳು. ‘ಎಣ್ಣೆಗೆ ಬಂದಿರೇನಪ್ಪ?’ ಎನ್ನುತ್ತಿದ್ದಳು.

ಗಾಣದ ಮನೆಯಲ್ಲಿ ಇಲಿ ಹಿಡಿಯಲೆಂದು ಸಾಕಿದ ಒಂದು ಬೆಕ್ಕಿತ್ತು. ಅದು ಇಲಿಗಳನ್ನು ಅವುಗಳ ಪಾಡಿಗೆ ಬಿಟ್ಟು, ಬಂದು ಮುದುಕಿಯ ಮಗ್ಗುಲಲ್ಲಿ ಮಲಗತೊಡಗಿತು. ಅವಳು ಸುಮ್ಮಸುಮ್ಮನೆ ಹೆದರಿ ಚೀರುತ್ತಿದ್ದಳು, ಬೆಕ್ಕು ಅಲುಗುತ್ತಿರಲಿಲ್ಲ. ಹಾಸಿಗೆ ಒದ್ದೆಯಾದರೂ ಎದ್ದು ಹೋಗುತ್ತಿರಲಿಲ್ಲ. ಕೈ ಅದರ ಬೆನ್ನ ಮೇಲೆ ಬಿದ್ದರೆ ಸಾಕು, ಮುದುಕಿ ಸುಮ್ಮನಾಗುತ್ತಿದ್ದಳು. ಹಾಲು ರೊಟ್ಟಿಯಲ್ಲಿ ಅದಕ್ಕೊಂದು ತುತ್ತು ಇಟ್ಟು ತಾನೊಂದು ತುತ್ತು ತಿನ್ನುತ್ತಿದ್ದಳು. ಒಂದು ದಿನ ಗಾಣಿಗ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ. ‘ಉಣ್ಣು ಮಲ್ಲೂ, ಅಕ್ಕ ಇದ್ದೀನಲ್ಲ, ಯಾಕೆ ಹೆದರ್ತೀ?’ ಎಂದು ಅವಳು ಬೆಕ್ಕಿಗೆ ಹೇಳುತ್ತಿದ್ದಳು.

ಗಾಣಿಗನ ಹೊಟ್ಟೆ ಉರಿದುಹೋಯಿತು. ಹೊಲಸು ಬಾಚುವವನು ನಾನು, ಹೆಸರು ಈ ಕಳ್ಳ ಬೆಕ್ಕಿಗೋ! ಇದು ತೊಲಗಿದರೆ ಹೆಸರು ತಾನಾಗಿ ನನ್ನ ಹತ್ತಿರ ಬರುತ್ತದೆ ಎಂದುಕೊಂಡ. ಎಂಥ ಬುದ್ಧಿ ನೋಡು! ಮರುದಿನ ಬೆಕ್ಕನ್ನು ಎಳ್ಳಿನ ಖಾಲಿ ಚೀಲಕ್ಕೆ ತುರುಕಿ, ದಾರಿ ಕಾಣದಂತೆ ಬಾಯಿ ಕಟ್ಟಿ, ಹರಿಗೋಲಿನಲ್ಲಿ ಹೊಳೆ ದಾಟಿ ಆಚೆ ದಡದಲ್ಲಿ ಬಿಟ್ಟುಬಂದ.

ಮಧ್ಯಾಹ್ನ ಅಕ್ಕ ಹಾಸಿಗೆ ತಡವಿದಳು. ‘ಮಲ್ಲು ಎಲ್ಲಿ?’

‘ನಾನೇ ಅಕ್ಕಾ ಮಲ್ಲು. ಇಲ್ಲಿ ನೋಡು.’

‘ತಮಾಷೆ ಮಾಡಬೇಡಿ. ಅಪ್ಪ ಅಮ್ಮ ಇಲ್ಲದ ಕೂಸು ಅದು. ಎಲ್ಲಿ ಕಳೆದುಬಿಟ್ಟಿರಿ?’

ಅವಳು ಗೋಳಾಡಿ ಅತ್ತಳು. ಮಲ್ಲು ಉಣ್ಣದೆ ತಾನು ಉಣ್ಣುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಳು. ಬಾಯಿಗೆ ಬಿಟ್ಟ ಹಾಲು ಕಟಬಾಯಿಂದ ಇಳಿದುಹೋಯಿತು. ಮರುದಿನವೂ ಹಾಗೆಯೇ ಆಯಿತು.

ಗಾಣಿಗ ಹೆದರಿ ಹೊಳೆಗೆ ಓಡಿ ಆಚೆ ದಡ ಸೇರಿದ. ಬೆಕ್ಕಿಗೆ ರೂಢಿಯಾಗಿದ್ದುದು ಒಂದೇ ಹೆಸರು. ಬೇರೆ ದಾರಿ ಕಾಣದೆ ಪೊದೆ ಪೊದೆಯ ಮುಂದೆ ನಿಂತು ‘ಮಲ್ಲೂ, ಮಲ್ಲೂ’ ಎಂದು ಗಂಟಲು ಹರಿಯುವಂತೆ ಕೂಗಿದ.

‘ಏನು ಮಲ್ಲಪ್ಪ, ನಿನ್ನ ಹೆಸರು ನೀನೇ ಕೂಗಿಕೊಳ್ತೀಯಲ್ಲ, ತಲೆ ನೆಟ್ಟಗಿದೆಯಾ?’ ಎಂದು ಹರಿಗೋಲಿನವನು ನಕ್ಕ. ಗಾಣಿಗ ಮುಂದಿನ ಪೊದೆಗೆ ಹೋಗಿ ಮತ್ತೆ ಕೂಗಿದ. ಬೆಕ್ಕು ಬರಲಿಲ್ಲ.

ಬರಿಗೈಯಲ್ಲಿ ಮನೆ ಸೇರಿದಾಗ ಅಕ್ಕನಿಗೆ ಮೇಲುಸಿರು ಹತ್ತಿತ್ತು. ‘ಅಕ್ಕಾ, ಮಲ್ಲು ಬಂದ’ ಎಂದು ಅವಳ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಅಂಗೈಗೆ ಗಡ್ಡ ಚುಚ್ಚಿತು. ‘ಇವನಲ್ಲ’ ಎಂದು ಕೈ ಎಳೆದುಕೊಂಡಳು. ಆಮೇಲೆ ಮಾತಿಲ್ಲ. ಆ ಕೈ ಮಾತ್ರ ಹಾಸಿಗೆಯ ಮೇಲೆ ಹುಡುಕುತ್ತಲೇ ಇತ್ತು. ಹುಡುಕುತ್ತ ಹುಡುಕುತ್ತ ತಣ್ಣಗಾಯಿತು.

ಊರವರು ಬಂದು ಸೇರಿದರು. ‘ಸಾಕಿದವಳು ನನ್ನನ್ನು ಮರೆತೇ ಹೋದಳಲ್ಲಪ್ಪಾ’ ಎಂದು ಗಾಣಿಗ ಎದೆ ಬಡಿದುಕೊಂಡು ಅತ್ತ. ಬದುಕಿರುವವರೆಗೂ ಕಂಡಕಂಡವರ ಮುಂದೆ ಅದನ್ನೇ ಹೇಳಿಕೊಂಡ.

ಗುರುಗಳು ಕತೆ ಮುಗಿಸಿದರು.

“ಪಾಪ! ಅಷ್ಟೆಲ್ಲ ಮಾಡಿದವನನ್ನು ಆಕೆ ಮರೆಯಬಾರದಾಗಿತ್ತು” ಎಂದ ಚೆನ್ನವೀರ.

“ಮರೆತಿದ್ದರೆ ಆ ಬೆಕ್ಕನ್ನು ಯಾರ ಹೆಸರು ಹಿಡಿದು ಕರೆಯುತ್ತಿದ್ದಳೋ?” ಎಂದರು ಗುರುಗಳು.