ಬುಡ ಕಡಿದ ನೀರುಬಳ್ಳಿ

“ಮತ್ತೆ ಬಂದೆಯಾ? ಒಂದು ಜಪಮಾಲೆ ಮುಗಿಸಲು ಬಿಡುವುದಿಲ್ಲವಲ್ಲ ನೀನು” ಎಂದು ನಿರ್ವಾತಮುನಿ ಗೊಣಗಿದ್ದು ಈ ಬೆಟ್ಟದ ಮೇಲೆಯೇ, ಮಳೆ ದಾರಿ ತಪ್ಪಿದ್ದ ಒಂದು ಪುರಾತನ ಕಾಲದಲ್ಲಿ. ಬೈಸಿಕೊಂಡವಳು ಬೇಡರ ಕೇತವ್ವೆ. ತೊರೆಗಳೆಲ್ಲ ಬತ್ತಿ, ಹಸಿರಾಗಿ ಉಳಿದಿದ್ದುದು ಮುನಿ ಕುಳಿತ ಜಾಗದ ನೀರುಬಳ್ಳಿಯೊಂದೇ. ಅದರ ಕಾಂಡದೊಳಗೆ ಕುಡಿಯುವ ನೀರಿರುತ್ತದೆ. ಜ್ವರದಲ್ಲಿ ಮಲಗಿದ್ದ ಮಗಳಿಗಾಗಿ ಕೇತವ್ವೆ ದಿನವೂ ಬಂದು, ಒಂದು ಕವಲನ್ನು ಮೊದಲು ಮೇಲೆ, ಆಮೇಲೆ ಕೆಳಗೆ ಕೊಯ್ದು, ಆ ತುಂಡಿನ ನೀರನ್ನು ಸೋರೆಬುರುಡೆಗೆ ಇಳಿಸಿಕೊಂಡು, ಉಳಿದ ಬಳ್ಳಿಯನ್ನು ನಾಳೆಗೆಂದು ಬಿಟ್ಟು ಹೋಗುತ್ತಿದ್ದಳು.

“ಎಲ್ಲವನ್ನೂ ಒಮ್ಮೆಲೇ ಒಯ್ದು ತೊಲಗಬಾರದೇ?”

“ಒಯ್ದರೆ ನಾಳೆ ನಿಮ್ಮ ಜಡೆ ಹಿಂಡಲೇ ಸ್ವಾಮಿ? ಇದನ್ನು ಕೊಯ್ಯುವುದಕ್ಕೂ ಒಂದು ಕ್ರಮವಿದೆ. ಮೊದಲು...”

“ಬಾಯಿ ಮುಚ್ಚಿ ಕೊಯ್ದುಕೊ.”

“ನಿಮ್ಮ ಜಪ ಕಾಯುತ್ತದೆ. ಮಗಳ ಗಂಟಲು ಕಾಯುವುದಿಲ್ಲ” ಎಂದು ಅವಳು ಹೊರಟಳು.

ಮುನಿಗೆ ಕರುಣೆ ಇರಲಿಲ್ಲವೆಂದಲ್ಲ. ಆದರೆ ಕಣ್ಣು ಮುಚ್ಚಿ ಕುಳಿತವರಿಗೆ ಇನ್ನೊಬ್ಬರ ಬಾಯಾರಿಕೆಯೂ ಬರೀ ಸದ್ದಾಗಿಯೇ ಕೇಳಿಸುತ್ತದೆ. ಬಳ್ಳಿಯ ನೀರನ್ನೆಲ್ಲ ಕಮಂಡಲಕ್ಕೆ ತುಂಬಿಕೊಟ್ಟರೆ ಅವಳ ಕಾಟ ತಪ್ಪೀತೆಂದು ಮರುದಿನ ಬೆಳಗಾಗುತ್ತಲೇ ಅವನು ಚೂಪುಗಲ್ಲಿನಿಂದ ಬಳ್ಳಿಯ ಬುಡವನ್ನು ಕಡಿದನು. ಬುಡ ಕಡಿದ ಬಳ್ಳಿ ನೀರನ್ನು ಮೇಲಕ್ಕೆಳೆದುಕೊಂಡಿತು. ಕಮಂಡಲದ ತಳವೂ ನೆನೆಯಲಿಲ್ಲ. ಬಿಸಿಲೇರುವಷ್ಟರಲ್ಲಿ ಎಲೆಗಳು ಇದ್ದಬದ್ದ ಹನಿಯನ್ನೂ ಹೀರಿ ಮುದುಡಿದವು.

ಅಂದು ಕೇತವ್ವೆ ಮಗಳನ್ನು ಹೊತ್ತುಕೊಂಡೇ ಬಂದಳು. ಹಗ್ಗದಂತೆ ತೂಗುತ್ತಿದ್ದ ಬಳ್ಳಿಯನ್ನು ಮುಟ್ಟಿ ನೋಡಿದಳು.

“ಬುಡವನ್ನು ಮೊದಲು ಕಡಿದಿರಾ?”

“ನಿನಗೆಂದೇ ಕಡಿದೆ, ತಾಯಿ.”

ಸಂಜೆಯೊಳಗೆ ಮಗು ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟಿತು. ಆಗ ಈ ಬೆಟ್ಟದ ದೈವವಾದ ಮಲೆಯೊಡೆಯನ ವಾಣಿ ಕೇಳಿಸಿತು: “ಮೌನ ಬಯಸಿದವನೇ, ಕಲ್ಲಾಗು. ನಿನ್ನ ಮೈಮೇಲೆ ಈ ಬಳ್ಳಿ ಎಂದೂ ಬತ್ತದಿರಲಿ. ನಿನ್ನೆದುರು ಅಳುವ ಮಗುವನ್ನು ಯಾರೂ ಗದರದಿರಲಿ.”

ಚಕ್ಕಳಮಕ್ಕಳ ಹಾಕಿ ಕುಳಿತಂತಿರುವ ಆ ಬಂಡೆಯನ್ನೂ ಅದನ್ನು ಬಿಗಿದಪ್ಪಿದ ಬಳ್ಳಿಯನ್ನೂ ಭಕ್ತರು ಈಗಲೂ ಕಾಣಬಹುದು. ಚೈತ್ರದ ಅಮಾವಾಸ್ಯೆಯಂದು ಇಲ್ಲಿ ಬಳ್ಳಿಯ ನೀರು ಪಡೆಯುವವರು, ಅದನ್ನು ಯಾರಿಗೆ ಕುಡಿಸುತ್ತೇವೆಂದು ಹೆಸರು ಹೇಳಿಯೇ ಕೈಯೊಡ್ಡಬೇಕು. ಬಳ್ಳಿ ಮತ್ತೆ ಚಿಗುರಿ, ಅದರ ಮೊದಲ ನೀರು ಕೇತವ್ವೆಯ ಬೊಗಸೆ ತುಂಬಿದಾಗ ಮಲೆಯೊಡೆಯನು ಅವಳನ್ನೂ ಕುಡಿಸಬೇಕಾದವರ ಹೆಸರು ಕೇಳಿದ್ದನು. ಬೆರಳ ಸಂದಿಯಿಂದ ನೀರೆಲ್ಲ ಸೋರಿಹೋಗುವವರೆಗೂ ಅವಳು ಬೊಗಸೆಯನ್ನು ಹಾಗೆಯೇ ಹಿಡಿದಿದ್ದಳು.

“ಇದು ಯಾರಿಗೆ, ತಾಯಿ?”