ಕೇಳಲು ನಾಚಿದ ಧರ್ಮದರ್ಶಿ

"ಗುರುಗಳೇ, ನನ್ನನ್ನು ಊರ ಕಾಲೇಜಿನ ಧರ್ಮದರ್ಶಿಯನ್ನಾಗಿ ಆರಿಸಿದ್ದಾರೆ. ಕಾಲೇಜನ್ನು ಕಾಯುವುದು ನನ್ನ ಕೆಲಸ, ಒಪ್ಪುತ್ತೇನೆ. ಅದಕ್ಕಾಗಿ ಮನೆಮನೆಗೆ ಹೋಗಿ ದೇಣಿಗೆ ಕೇಳುವುದೂ ನನ್ನ ಕೆಲಸವೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಧಾರಾಳಿ. ಅವನೂ ತನ್ನೂರಿನ ಕಾಲೇಜಿಗೆ ಧರ್ಮದರ್ಶಿಯಾದ. ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳು ಉಳಿಯಲು ಜಾಗವಿಲ್ಲದೆ ಓದು ಬಿಡುತ್ತಿದ್ದರು. ಅವರಿಗೊಂದು ಹಾಸ್ಟೆಲ್ ಕಟ್ಟಬೇಕು, ಊರಲ್ಲಿ ಹಣ ಎತ್ತೋಣ ಎಂದು ಮಂಡಳಿಯವರು ಹೇಳಿದಾಗ ವ್ಯಾಪಾರಿಗೆ ಮೈ ಮುದುಡಿತು. ಕೊಟ್ಟು ಅಭ್ಯಾಸವಿದ್ದ ಕೈ ಅದು, ಚಾಚಿ ಗೊತ್ತಿರಲಿಲ್ಲ. "ಯಾರನ್ನೂ ಕೇಳುವುದು ಬೇಡ, ನಾನೇ ಕಟ್ಟಿಸುತ್ತೇನೆ" ಎಂದ.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಅವನ ಎಣ್ಣೆ ಗಿರಣಿಗೆ ಬೆಂಕಿ ಬಿತ್ತು. ಕೆಲಸ ನಿಂತಿತು. ಮಳೆಗಾಲ ಬಂದು ಗೋಡೆಯ ಮೇಲೆ ಹುಲ್ಲು ಬೆಳೆಯಿತು. ಇನ್ನಷ್ಟು ಹುಡುಗಿಯರು ಓದು ಬಿಟ್ಟರು. ವ್ಯಾಪಾರಿಗೆ ಊಟ ಸೇರದಾಯಿತು.

ಕೊನೆಗೆ ಒಂದು ದಿನ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟ. ಆದರೆ ಪರಿಚಯದ ಯಾವ ಬಾಗಿಲ ಮುಂದೆಯೂ ನಿಲ್ಲಲು ಕಾಲು ಬರಲಿಲ್ಲ. ನಡೆಯುತ್ತ ನಡೆಯುತ್ತ ಮಂಡಕ್ಕಿ ಭಟ್ಟಿಗಳ ಓಣಿಗೆ ಬಂದುಬಿಟ್ಟ. ಅಲ್ಲಿ ಮಂಡಕ್ಕಿ ಹುರಿಯುತ್ತಿದ್ದ ಹೆಂಗಸೊಬ್ಬಳು, "ಏನು ಬೇಕಿತ್ತು ಯಜಮಾನರೇ?" ಎಂದಳು. ಹಾಸ್ಟೆಲಿನ ಕತೆ ಅವನ ಬಾಯಿಂದ ಹೇಗೋ ಹೊರಬಿತ್ತು. ಅವಳು ಕೈ ಒರೆಸಿಕೊಂಡು ಒಳಗೆ ಹೋಗಿ, ಆ ದಿನದ ವ್ಯಾಪಾರದ ದುಡ್ಡನ್ನೆಲ್ಲ ತಂದು ಅವನ ಮುಂದೆ ಹಿಡಿದಳು.

"ಬೇಡಮ್ಮ, ನಿನಗೇ ಕಷ್ಟವಾದೀತು."

"ಊರಿನ ಕಾಲೇಜು ಅಂತೀರಿ. ಇಷ್ಟು ವರ್ಷ ಅಲ್ಲಿಂದ ಒಬ್ಬರಾದರೂ ನಮ್ಮ ಓಣಿಗೆ ಬಂದಿದ್ದೀರಾ? ನಮ್ಮನ್ನೂ ಲೆಕ್ಕಕ್ಕೆ ತಗೊಂಡ್ರಲ್ಲ ಅಂತ ಸಂತೋಷಪಟ್ಟೆ. ಈಗ ಬೇಡ ಅಂತೀರಲ್ಲ!"

ಅವಳ ಕಣ್ಣುಗಳು ತುಂಬಿದ್ದವು. ವ್ಯಾಪಾರಿ ಹೆಗಲ ವಲ್ಲಿಯನ್ನು ತೆಗೆದು ಎರಡೂ ಕೈಯಲ್ಲಿ ಒಡ್ಡಿದ. ಹಣ ಹಾಕಿ ಅವಳೇ ಅವನಿಗೆ ಕೈಮುಗಿದಳು.

ಮನೆಗೆ ಬಂದವನು ಅದನ್ನು ಹೆಂಡತಿಗೆ ಹೇಳಿಕೊಂಡು ಮಗುವಿನಂತೆ ಅತ್ತ. ಮರುದಿನದಿಂದ ಯಾವ ಬಾಗಿಲನ್ನೂ ಬಿಡಲಿಲ್ಲ. ಕೆಲವರು ಕೊಟ್ಟರು, ಕೆಲವರು ಗದರಿ ಕಳಿಸಿದರು. ದುಡ್ಡಿಲ್ಲದ ಗಾರೆ ಕೆಲಸದವರು ರಜೆಯ ದಿನ ಬಂದು ಗೋಡೆ ಏರಿಸಿದರು. ಹಾಸ್ಟೆಲಿನ ಬಾಗಿಲು ತೆರೆದ ದಿನ ಭಟ್ಟಿಯ ಹೆಂಗಸು ಒಂದು ಚೀಲ ಮಂಡಕ್ಕಿ ಹೊತ್ತು ತಂದು, "ನಮ್ಮ ಹುಡುಗಿಯರಿಗೆ" ಎಂದು ಇಳಿಸಿದಳು. ಸುಣ್ಣ ಬಳಿದ ಗೋಡೆಯಲ್ಲಿ ತಾನು ಕಟ್ಟಿಸಿದ್ದು ಎಲ್ಲಿಯವರೆಗೆ, ಊರು ಕಟ್ಟಿದ್ದು ಎಲ್ಲಿಂದ ಎಂದು ವ್ಯಾಪಾರಿಗೆ ಗುರುತು ಸಿಗಲಿಲ್ಲ. ಅವನ ಎದೆ ತುಂಬಿ ಬಂತು.

ಗುರುಗಳು ಕತೆ ನಿಲ್ಲಿಸಿ ಚನ್ನವೀರನ ಮುಖ ನೋಡಿದರು.

"ಬಂದಾಗಿನಿಂದ ಏನೇನೋ ಕೇಳಿದೆ ಮಗೂ, ಕಾಲೇಜಿಗೆಂದು ನನ್ನನ್ನು ಏನೂ ಕೇಳಲಿಲ್ಲವಲ್ಲ?"

ಚನ್ನವೀರ ಎದ್ದು ಬಂದು ಗುರುಗಳ ಮುಂದೆ ಎರಡೂ ಕೈ ಒಡ್ಡಿದ.