ಕೆರೆ ಸಮಿತಿಗೆ ಹೋದ ಮಸೂದೆ

ಹೂಂ ಅನ್ನುವವರಿದ್ದರೆ ಇದು ಕತೆ, ಇಲ್ಲದಿದ್ದರೆ ಬರೀ ಗಾಳಿ. ಆದ್ದರಿಂದ ಹೂಂ ಅನ್ನುತ್ತಿರಿ. ಆದರೆ ಒಬ್ಬರು ಒಂದೇ ಸಲ ಅನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಂಚಿನಪಟ್ಟಣ ಅಂತ ಒಂದು ಊರು. ಅಲ್ಲಿ ರಾಜ ಹೋಗಿ ಶಾಸನಸಭೆ ಬಂದಿತ್ತು. ರಾಜ ಕೂರುತ್ತಿದ್ದ ಅರಮನೆಯಲ್ಲೇ ಸಭೆ ಕೂರುತ್ತಿತ್ತು. ಅರಮನೆಯ ಹಿಂದೆ ದೊಡ್ಡ ಕೆರೆ, ಕೆರೆ ಏರಿಯ ಕೆಳಗೆ ತೂಬಿನಕೇರಿ. ಆ ಕೇರಿಯಲ್ಲಿ ಪುಟ್ಟೀರಮ್ಮ ಅನ್ನುವ ಹೆಂಗಸು, ಅವಳಿಗೊಬ್ಬ ಮಗ ಮಾಯಣ್ಣ. ಮೀಸೆ ಚಿಗುರುವ ವಯಸ್ಸು ಬಂದಿತ್ತು, ಬುದ್ಧಿ ಮಾತ್ರ ಬರಲಿಲ್ಲ. "ಹಾಲು ಉಕ್ತದೆ, ನೋಡ್ಲಾ" ಅಂತ ಹೇಳಿ ಅವ್ವ ಹಿತ್ತಲಿಗೆ ಹೋದರೆ, ಒಲೆ ಮುಂದೆ ಕೂತು ನೋಡಿದ. ಚೆನ್ನಾಗಿ ನೋಡಿದ.

"ಉಕ್ತು ಅವ್ವಾ! ಪೂರ್ತಿ ಉಕ್ತು, ನಾನೇ ನೋಡ್ದೆ!"

"ಅಯ್ಯೋ ನನ್ನ ಹಣೇಬರವೇ! ನಿನ್ನ ಹೆರೋ ಬದ್ಲು ಹೊಟ್ಟೆಗೆ ಕಲ್ಲು ಕಟ್ಕೊಬೇಕಿತ್ತು!"

ಮಾಯಣ್ಣನ ಅಪ್ಪ ಚಿಕ್ಕೀರಯ್ಯ ಸಭೆಯಲ್ಲಿ ದಫೇದಾರನಾಗಿದ್ದ. ಹನ್ನೆರಡು ವರ್ಷದ ಹಿಂದೆ ಕೆರೆ ಏರಿ ಬಿರುಕು ಬಿಟ್ಟಿದೆ ಅಂತ ದೂರು ಬಂತು. ನೋಡಿ ಬರಲಿ ಅಂತ ಸಭೆ ಏಳು ಸದಸ್ಯರ ಕೆರೆ ಸಮಿತಿ ಮಾಡಿತು. ಏಳು ಜನ, ಅವರಿಗೆ ಛತ್ರಿ ಹಿಡಿಯಲು ಚಿಕ್ಕೀರಯ್ಯ, ಎಲ್ಲರಿಗೂ ಒಂದೇ ಹರಿಗೋಲು. ಮಟಮಟ ಮಧ್ಯಾಹ್ನ. ಗಾಳಿಯಿಲ್ಲ, ಅಲೆಯಿಲ್ಲ. ನಡುಕೆರೆಯಲ್ಲಿ ಹರಿಗೋಲು ಬುಳುಕ್ ಅಂತ ಹೋಯಿತು, ಅಷ್ಟೇ.

ಹೆಣ ಒಂದೂ ಸಿಗಲಿಲ್ಲ. ಹೆಣ ಸಿಗದೆ ಸ್ಥಾನ ಖಾಲಿ ಅಂತ ಬರೆಯುವ ನಿಯಮ ಸಭೆಯಲ್ಲಿರಲಿಲ್ಲ. ಹಾಗಾಗಿ ಏಳೂ ಹೆಸರು ಸಮಿತಿಯ ಹಲಗೆಯ ಮೇಲೆ ಉಳಿದವು. ದಫೇದಾರನ ಹೆಸರು ಮೊದಲೂ ಹಲಗೆಯಲ್ಲಿರಲಿಲ್ಲ, ಆಮೇಲೂ ಇರಲಿಲ್ಲ. ಪುಟ್ಟೀರಮ್ಮ ಮಾತ್ರ ಹೆಣ ನೋಡದೆ ಕುಂಕುಮ ಅಳಿಸೋಲ್ಲ ಅಂದಳು. ಅಳಿಸಲೂ ಇಲ್ಲ. ಹನ್ನೆರಡು ವರ್ಷ ಅರಮನೆ ಬಾಗಿಲಿಗೆ ಅಲೆದು, ಅಪ್ಪ ಬರುವವರೆಗೆ ಮಗ ಕೆಲಸ ನೋಡಿಕೊಳ್ಳಲಿ ಅಂತ ಮಾಯಣ್ಣನಿಗೆ ಜವಾನಿಕೆ ಕೊಡಿಸಿದಳು.

ಏರಿಯ ಬಿರುಕು ಆಗ ಬೆರಳು ತೂರುವಷ್ಟಿತ್ತು, ಈಗ ತೋಳು ತೂರುವಷ್ಟಾಗಿತ್ತು. ಈ ಮಳೆಗಾಲ ತಡೆಯೋಲ್ಲ ಅಂತ ಕೇರಿಯ ಮಕ್ಕಳಿಗೂ ಗೊತ್ತಿತ್ತು. ಏರಿ ಒಡೆದರೆ ಮೊದಲು ಹೋಗುವುದು ಪುಟ್ಟೀರಮ್ಮನ ಮನೆ, ಆಮೇಲೆ ಇಡೀ ಕೇರಿ. ಕೇರಿಯ ಸದಸ್ಯ ಬೋರಲಿಂಗಪ್ಪ ಏರಿ ದುರಸ್ತಿಗೆ ಅಂತ ಒಂದು ಮಸೂದೆ ಬರೆದಿದ್ದ. ಅದನ್ನು ಸಭೆಗೆ ಹೊತ್ತು ಹೋಗುವುದೇ ಮಾಯಣ್ಣನ ಮೊದಲ ದಿನದ ಕೆಲಸ.

"ನೋಡ್ ಮಗಾ," ಅಂದಳು ಅವ್ವ, "ಕೈಗೆ ಏನ್ ಕೊಟ್ರೂ ಗಟ್ಟಿಯಾಗಿ ಹಿಡ್ಕೊ. ಬಿಡಬ್ಯಾಡ!"

"ಆಗ್ಲಿ ಅವ್ವ!"

ಸಭೆ ಸೇರಿತು. ಬೋರಲಿಂಗಪ್ಪ ಎದ್ದು ಕೈ ಮುಗಿದ. "ಏರಿ ದುರಸ್ತಿ ಮಸೂದೆ ಮಂಡಿಸಲು ಸಭೆಯ ಅಪ್ಪಣೆ ಬೇಕು."

"ಅಪ್ಪಣೆಯಿದೆ. ಮಸೂದೆ ಮೇಜಿಗೆ ಬರಲಿ," ಅಂದರು ಸಭಾಧ್ಯಕ್ಷರು.

ಮೇಜಿಗೆ ಮಸೂದೆ ಬಂತು, ಮಸೂದೆ ಜೊತೆಗೆ ಮಾಯಣ್ಣನೂ ಬಂದ. ಸಭಾಧ್ಯಕ್ಷರು ಎಳೆದರು, ಮಾಯಣ್ಣ ಬಿಡಲಿಲ್ಲ. "ಬಿಡೋ!" "ಬಿಡಾಕಿಲ್ಲ!" "ಬಿಡೋ ಕತ್ತೆ!" "ಬಿಡಬ್ಯಾಡ ಅಂದವ್ಳೆ ಅವ್ವ!" ಒಂದು ತುದಿ ಇವನು ಹಿಡಿದು, ಇನ್ನೊಂದು ತುದಿ ಅವರು ಹಿಡಿದು, ಹೇಗೋ ಮಸೂದೆಯ ಹೆಸರನ್ನು ಓದಿ ಮುಗಿಸಿದರು.

ಸಭೆಯ ಕಾರ್ಯದರ್ಶಿ ನರಸೋಜಿರಾಯರು ತಲೆ ತಲೆ ಚಚ್ಚಿಕೊಂಡರು. "ಮಸೂದೆ ಅಂದ್ರೆ ಹಿಡ್ಕೊಂಡು ನಿಲ್ಲೋದಲ್ಲವೋ ಮಂಕೇ, ಹಂಚೋದು! ಅಚ್ಚು ಹಾಕ್ಸಿದೀನಿ. ನಾಳೆ ಕುರ್ಚಿ ಕಂಡಲ್ಲೆಲ್ಲ ಒಂದೊಂದು ಇಡು!"

"ಆಗ್ಲಿ ಬುದ್ಧಿ!"

ಮಾರನೆ ದಿನ ಮಾಯಣ್ಣ ಕುರ್ಚಿ ಹುಡುಕುತ್ತಾ ಹೊರಟ. ಗುಮಾಸ್ತರ ಕುರ್ಚಿಗೊಂದು ಇಟ್ಟ. ಕಾವಲಿನವನ ಕುರ್ಚಿಗೊಂದು ಇಟ್ಟ. ಗೇಟಿನಾಚೆ ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ, ಅವನನ್ನು ಎಬ್ಬಿಸಿ ಇಟ್ಟ. ಅರಮನೆಯ ಹಿಂಬದಿ ಮೂಲೆಯಲ್ಲಿ ಒಂದು ಕೋಣೆಗೆ ತುಕ್ಕು ಹಿಡಿದ ಬೀಗವಿತ್ತು. ಮುಟ್ಟಿದರೆ ಬೀಗ ಕಳಚಿ ಬಿತ್ತು.

ಒಳಗೆ ದುಂಡು ಮೇಜು, ಸುತ್ತ ಏಳು ಕುರ್ಚಿ. ಮೇಜಿನ ಮೇಲೆ ಬೆರಳು ದಪ್ಪ ಧೂಳಿತ್ತು. ಕುರ್ಚಿಗಳ ಮೇಲೆ ಧೂಳಿರಲಿಲ್ಲ, ಕೂರುವ ಜಾಗ ಒದ್ದೆಯಾಗಿತ್ತು. ಏಳಕ್ಕೂ ಒಂದೊಂದು ಇಟ್ಟ. ಬಾಗಿಲ ಪಕ್ಕ ದಫೇದಾರನ ಸ್ಟೂಲಿತ್ತು, ಅದೂ ಒದ್ದೆಯಾಗಿತ್ತು. ಸ್ಟೂಲು ಕುರ್ಚಿಯ ತಮ್ಮನೇ ಅಲ್ಲವೇ ಅಂತ ಅದಕ್ಕೂ ಒಂದು ಇಟ್ಟು ಹೊರಗೆ ಬಂದ. ಹಿಂದೆ ಪಟಪಟ ಸದ್ದಾಯಿತು. ತಿರುಗಿ ನೋಡಿದರೆ ಎಂಟು ಪ್ರತಿಗಳ ಹಾಳೆಗಳೂ ತಾವೇ ಮಗುಚುತ್ತಿದ್ದವು. ಕಿಟಕಿ ಮುಚ್ಚಿತ್ತು.

ಸಭೆಯೊಳಗೆ ಮಾತ್ರ ಒಬ್ಬ ಸದಸ್ಯನಿಗೂ ಪ್ರತಿ ಸಿಗಲಿಲ್ಲ.

"ಕುರ್ಚಿ ಓದುತ್ತೇನೋ ಬಡ್ಡೀಮಗನೇ!" ಅಂದರು ರಾಯರು.

"ಓದ್ತವೆ ಬುದ್ಧಿ. ಮೂಲೆ ಕೋಣೆಯವು ಓದ್ತಾ ಅವೆ."

ರಾಯರಿಗೆ ಕೋಪದಲ್ಲಿ ಕಿವಿ ಕೇಳಲಿಲ್ಲ. "ಕುರ್ಚಿಗಲ್ಲ, ಮನುಷ್ಯರಿಗೆ! ಹೆಸರು ಓದು, ಆ ಹೆಸರಿನವರನ್ನ ಹುಡುಕು, ಕೈಗೇ ಕೊಡು! ರುಜು ಹಾಕಿಸ್ಕೊಳ್ದೆ ಬಂದ್ರೆ ಚರ್ಮ ಸುಲೀತೀನಿ!"

"ಆಗ್ಲಿ ಬುದ್ಧಿ!"

ಮೂರನೆ ದಿನ. ಯಾವ ಮಸೂದೆಯನ್ನೂ ಬಂದ ಹಾಗೇ ಸಭೆ ಒಪ್ಪುವುದಿಲ್ಲ. ಒಂದು ಸಮಿತಿಗೆ ಒಪ್ಪಿಸುತ್ತಾರೆ, ಸಮಿತಿ ಕೂತು ನೋಡಿ ವರದಿ ಕೊಡಬೇಕು, ಆಮೇಲೆ ಸಭೆ ಹೌದು ಇಲ್ಲ ಅನ್ನಬೇಕು. ಸರಿಯಾದ ಪದ್ಧತಿಯೇ. ಆದರೆ ಕಂಚಿನಪಟ್ಟಣದ ದೊಡ್ಡವರು ಈ ಪದ್ಧತಿಗೊಂದು ಬಾಲ ಅಂಟಿಸಿದ್ದರು. ತಮಗೆ ಬೇಡದ ಮಸೂದೆಯನ್ನು ಬೇಡ ಅನ್ನುತ್ತಿರಲಿಲ್ಲ, ಬೇಡ ಅಂದರೆ ಜನ ಬೈಯುತ್ತಾರಲ್ಲ! ಕೆರೆ ಸಮಿತಿಗೆ ಒಪ್ಪಿಸುತ್ತಿದ್ದರು. ಮುಳುಗಿದ ಸಮಿತಿ ವರದಿ ಕೊಡುವುದು ಎಂದಿಗೆ? ಅಧಿವೇಶನ ಮುಗಿದರೆ ಮಸೂದೆ ತಾನೇ ಸಾಯುತ್ತಿತ್ತು. ಯಾರ ಕೈಗೂ ರಕ್ತ ಅಂಟುತ್ತಿರಲಿಲ್ಲ.

"ಏರಿ ದುರಸ್ತಿ ಮಸೂದೆಯನ್ನು ಕೆರೆ ಸಮಿತಿಗೆ ಒಪ್ಪಿಸಬೇಕು ಅನ್ನುವವರು ಹೌದು ಅನ್ನಿ."

"ಹೌದು!" ಅಂದಿತು ಸಭೆ, ಮೀಸೆಯಡಿ ನಗುತ್ತಾ. ಬೋರಲಿಂಗಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅಧಿವೇಶನಕ್ಕೆ ಉಳಿದದ್ದು ಇನ್ನೊಂದೇ ದಿನ.

ಮಾಯಣ್ಣ ನಗಲಿಲ್ಲ. ಹಲಗೆಯ ಮುಂದೆ ನಿಂತು ಅಕ್ಷರ ಕೂಡಿಸಿ ಏಳು ಹೆಸರು ಓದಿಕೊಂಡ. ಕಾವಲಿನವನನ್ನು ಕೇಳಿದ, "ಅಣ್ಣಾ, ಇವ್ರು ಎಲ್ಲವ್ರೆ?"

"ಕೆರೇಲವ್ರೆ ಹೋಗು!" ಅಂತ ನಕ್ಕ ಅವನು.

ಮಸೂದೆ, ಟಪಾಲು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮಾಯಣ್ಣ ಒಂದು ಹರಿಗೋಲು ತಳ್ಳಿದ. ಅದೇ ಮಟಮಟ ಮಧ್ಯಾಹ್ನ. ಏರಿಯ ಮೇಲೆ ನಾಯಿಯೂ ಇರಲಿಲ್ಲ. ನಡುಕೆರೆಗೆ ಹೋಗಿ ನಿಂತು ಕೂಗಿದ.

"ಸಮಿತಿ ಅಧ್ಯಕ್ಷರಾದ ದೊಡ್ಡರುದ್ರಪ್ಪನೋರೇ! ಸಭೆಯಿಂದ ಮಸೂದೆ ಬಂದದೆ!"

ನೀರು ಅಲುಗಲಿಲ್ಲ. ನೀರಿನಿಂದ ಒಂದು ಕೈ ಬಂತು. ಬಹಳ ಹೊತ್ತು ಬಟ್ಟೆ ಒಗೆದವರ ಕೈಯಂತೆ ಬಿಳಿಚಿ ಸುಕ್ಕಾದ ಕೈ. ನೀವಾಗಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದಿರಿ. ಮಾಯಣ್ಣನಿಗೆ ಕೈಗೇ ಕೊಡು ಅಂದಿದ್ದರು, ಕೈ ಬಂತು, ಕೊಟ್ಟ. ಇನ್ನೊಂದು ಹೆಸರು ಕೂಗಿದ, ಇನ್ನೊಂದು ಕೈ ಬಂತು. ಏಳು ಹೆಸರು, ಏಳು ಕೈ. ಮಸೂದೆ ಕೈಯಿಂದ ಕೈಗೆ ಸುತ್ತಿತು. ಬಹಳ ಹೊತ್ತು ಸುತ್ತಿತು. ಕೊನೆಗೆ ಹಿಂದೆ ಬಂದಾಗ ಕೆಳಗೆ ವರದಿ ಬರೆದಿತ್ತು, ಏಳು ರುಜು ಬಿದ್ದಿತ್ತು.

ಆಗ ಎಂಟನೆ ಕೈ ಎದ್ದಿತು. ಅದರಲ್ಲೊಂದು ಹಿತ್ತಾಳೆ ಕಡಗವಿತ್ತು.

"ನಿಮ್ಮೆಸ್ರು ಹಲಗೇಲಿಲ್ಲ ಸ್ವಾಮಿ," ಅಂದ ಮಾಯಣ್ಣ, "ನಿಮಗೆ ಕೊಡಾಂಗಿಲ್ಲ."

ಕೈ ಹರಿಗೋಲಿನ ಅಂಚು ಹಿಡಿದು, ಮೆಲ್ಲಗೆ ದಡದ ಕಡೆ ತಿರುಗಿಸಿ ತಳ್ಳಿತು.

ವರದಿಯನ್ನು ನರಸೋಜಿರಾಯರು ಎರಡೆರಡು ಸಲ ಓದಿದರು. ಮಸಿ ಇನ್ನೂ ತೊಟ್ಟಿಕ್ಕುತ್ತಿತ್ತು. "ಏರಿಯನ್ನು ನಾವು ಹನ್ನೆರಡು ವರ್ಷ ಕೆಳಗಿನಿಂದ ನೋಡಿದ್ದೇವೆ. ಮಳೆಗಾಲ ತಡೆಯುವುದಿಲ್ಲ. ಮಸೂದೆ ಒಪ್ಪತಕ್ಕದ್ದು." ದೊಡ್ಡರುದ್ರಪ್ಪನವರ ರುಜು ಅವರಿಗೆ ಗುರುತಿತ್ತು. ಇದು ಯಾರದೋ ಕುಚೋದ್ಯ ಅಂತ ತಮಗೆ ತಾವೇ ಹೇಳಿಕೊಂಡು ಕಿರುಚಿದರು, "ಜವಾನ ತಂದ ವರದಿ ನಡೆಯೋಲ್ಲ! ಅಧ್ಯಕ್ಷರೇ ಬಂದು ಮಂಡಿಸ್ಬೇಕು, ನಿಯಮ! ತಾಕತ್ತಿದ್ರೆ ನಾಳೆ ಸಮಿತೀನೇ ಕರ್ಕೊಂಡ್ ಬಾ!"

"ಆಗ್ಲಿ ಬುದ್ಧಿ!"

ಮನೆಗೆ ಬಂದರೆ ಅವ್ವ ಮೂಗು ಅರಳಿಸಿದಳು. "ಎಲ್ಲೋಗಿದ್ದೆ? ಕೆರೆ ಕೆಸರು ನಾರ್ತದೆ!"

"ಸಮಿತಿ ತಾವ್ಕೆ. ಏಳು ಜನ ರುಜು ಹಾಕುದ್ರು. ಎಂಟ್ನೇದೊಂದು ಕೈ ಬಂತು. ಹಲಗೇಲಿ ಹೆಸ್ರಿಲ್ಲ ಅಂತ ಬಿಟ್ ಬಂದೆ."

ಹೊಡೆಯಲು ಎತ್ತಿದ ಪುಟ್ಟೀರಮ್ಮನ ಕೈ ಅಲ್ಲೇ ನಿಂತಿತು. "ಆ ಕೈಯಲ್ಲಿ ಕಡಗ ಇತ್ತಾ?"

"ಇತ್ತು."

"ಸೀಳಿದ ಕಡೆ ತಂತಿ ಸುತ್ತಿತ್ತಾ?"

"ಸುತ್ತಿತ್ತು ಅವ್ವ."

ಆ ತಂತಿ ಸುತ್ತಿದವಳು ಅವಳೇ. ಗೋಡೆಗೆ ಒರಗಿ ಕೂತಳು. ಕೂತವಳಿಗೆ ಅಳುವಿಗಿಂತ ಮೊದಲು ರೋಷ ಬಂತು. "ಹೆಸ್ರಿರೋರ್ನ ಕರೆದು, ಹೆಸ್ರಿಲ್ದೋರ್ನ ನೀರಲ್ಲೇ ಬಿಟ್ ಬರ್ತಾರೇನ್ಲಾ? ಛತ್ರಿ ಹಿಡಿಯಾಕೆ ಬೇಕು, ಹಲಗೇಲಿ ಬರೆಯಾಕೆ ಬ್ಯಾಡ್ವಾ? ನಾಳೀಕೆ ಯಾರ್ನೂ ಹಿಂದೆ ಬಿಟ್ ಬರಬ್ಯಾಡ! ಯಾರ್ನೂ!"

"ಆಗ್ಲಿ ಅವ್ವ."

ಕೊನೆಯ ದಿನ. ಮಧ್ಯಾಹ್ನ ಹನ್ನೆರಡು ಹೊಡೆಯಿತು. ಸಭಾಧ್ಯಕ್ಷರು, "ಕೆರೆ ಸಮಿತಿಯ ವರದಿ ಬಂದಿಲ್ಲವಾದ್ದರಿಂದ," ಅಂತ ಬಾಯಿ ತೆರೆದಿದ್ದರು. ಬಾಗಿಲು ತೆರೆಯಿತು.

ಮುಂದೆ ಮಾಯಣ್ಣ. ಹಿಂದೆ ಏಳು ಜನ, ಪಚಪಚ ಅಂತ ಹೆಜ್ಜೆಯಿಡುತ್ತಾ. ಕೋಟಿನ ಜೇಬಿನಿಂದ ನೀರು, ಪೇಟದ ತುದಿಯಿಂದ ನೀರು. ಕೊನೆಗೆ ಬಟ್ಟೆಯಿಲ್ಲದ ಛತ್ರಿಯ ಕಡ್ಡಿಗಳನ್ನು ಅವರ ತಲೆ ಮೇಲೆ ಹಿಡಿದುಕೊಂಡು ಒಬ್ಬ ದಫೇದಾರ. ಏಳು ಜನರೂ ತಮ್ಮ ತಮ್ಮ ಹಳೆಯ ಜಾಗದ ಮುಂದೆ ನಿಂತರು. ಅಲ್ಲಿ ಕೂತಿದ್ದವರು ಬಿದ್ದಂಬೀಳ ಎದ್ದು ಓಡಿದರು. ದಫೇದಾರ ಬಾಗಿಲ ಬಳಿಯೇ ನಿಂತ, ಅದೇ ಅವನ ಜಾಗ.

ದೊಡ್ಡರುದ್ರಪ್ಪನವರು ವರದಿಯನ್ನು ಮೇಜಿನ ಮೇಲಿಟ್ಟರು. ಸಭಾಧ್ಯಕ್ಷರನ್ನೇ ನೋಡಿದರು.

ಸಭಾಧ್ಯಕ್ಷರ ಹಲ್ಲು ಕಟಕಟ ಅಂತಿತ್ತು. ಆದರೂ ನಾಲಗೆಗೆ ಅಭ್ಯಾಸ ನೋಡಿ, ತಾನೇ ನುಡಿಯಿತು. "ಮಸೂದೆಯ ಪರ ಇರುವವರು ಹೌದು ಅನ್ನಿ."

"ಹೌದು," ಅಂದಿತು ಏಳು ದನಿ, ಬಾವಿಯ ತಳದಿಂದ ಬಂದಂತೆ.

"ವಿರುದ್ಧ ಇರುವವರು ಇಲ್ಲ ಅನ್ನಿ."

ಜೀವವಿದ್ದ ಒಬ್ಬನಿಗೂ ದನಿ ಏಳಲಿಲ್ಲ. ಅದಕ್ಕೇ ನಾನು ಹೇಳಿದ್ದು, ಒಬ್ಬರು ಒಂದೇ ಸಲ ಹೂಂ ಅನ್ನಿ ಅಂತ. ಎಣಿಸುವಾಗ ಒಂದು ಹೂಂ ಹೆಚ್ಚಾದರೂ, ಅದು ಬದುಕಿದವರದೋ ಸತ್ತವರದೋ ಅಂತ ನನ್ನ ಎದೆ ಢವಢವ ಅನ್ನುತ್ತೆ.

ಹೌದು ಅಂದವರದೇ ಬಹುಮತ. ಮಸೂದೆ ಕಾನೂನಾಯಿತು. ಮಳೆಗೆ ಮುಂಚೆ ಏರಿಗೆ ಕಲ್ಲು ಬಿತ್ತು, ತೂಬಿನಕೇರಿ ಉಳಿಯಿತು. ಅದು ಆಮೇಲಿನ ಮಾತು. ಅವತ್ತು ಸಭೆ ಮುಗಿದರೂ ಆ ಏಳು ಜನ ಕದಲಲಿಲ್ಲ. ನೆಲದ ಮೇಲೆ ನೀರು ಏರುತ್ತಾ ಏರುತ್ತಾ ಕಾಲುಗೆಜ್ಜೆ ಕಟ್ಟುವಷ್ಟು ಎತ್ತರಕ್ಕೆ ಬಂತು. ರಾಯರು ಮೇಜು ಹತ್ತಿ ನಿಂತು ಗೋಳಾಡಿದರು.

"ಮಾಯಣ್ಣಾ! ನಿನ್ನ ಕಾಲಿಗೆ ಬೀಳ್ತೀನಿ! ಇವರನ್ನ ಕರ್ಕೊಂಡ್ ಹೋಗು! ಯಾರ್ಯಾರು ಎಲ್ಲಿಯವರೋ ಅಲ್ಲಲ್ಲಿಗೆ ಸೇರಿಸಿ ಬಾ!"

"ಆಗ್ಲಿ ಬುದ್ಧಿ!"

ಹಲಗೆಯಲ್ಲಿ ಒಂದೊಂದು ಹೆಸರಿನ ಮುಂದೆ ಅವರವರ ಬೀದಿಯ ಹೆಸರೂ ಬರೆದಿತ್ತು. ಮಾಯಣ್ಣ ಟಪಾಲು ಪುಸ್ತಕ ತೆಗೆದುಕೊಂಡು ಹೊರಟ. ದೊಡ್ಡರುದ್ರಪ್ಪ, ಎಣ್ಣೆಪೇಟೆ. ಬಾಗಿಲು ಬಡಿದ. "ನಿಮ್ಮ ಯಜಮಾನ್ರು ಬಂದವ್ರೆ. ಇಲ್ಲಿ ರುಜು ಹಾಕಿ." ಆಸ್ತಿ ಪಾಲು ಮಾಡಿಕೊಳ್ಳುತ್ತಾ ಕೂತಿದ್ದ ಮಕ್ಕಳು ಮೂರ್ಛೆ ಹೋದರು. ಎರಡನೆಯ ಮನೆಯಲ್ಲಿ ಕಿರುಚಿದರು. ಮೂರನೆಯ ಮನೆಯವರು ಬಾಗಿಲು ಹಾಕಿ ಅಗುಳಿ ಜಡಿದರು. ಬಾಗಿಲು ಜಡಿದರೆ ನೀರಿಗೇನು? ಅಡಿಯಿಂದ ಹೋಗುತ್ತೆ. ಏಳು ಬೀದಿ, ಏಳು ಮನೆ. ಆ ಮನೆಗಳ ನೆಲ ಇವತ್ತಿಗೂ ಬೇಸಿಗೆಯಲ್ಲೂ ಆರುವುದಿಲ್ಲವಂತೆ.

ಉಳಿದವನು ದಫೇದಾರ. ಹಲಗೆಯಲ್ಲಿ ಹೆಸರಿಲ್ಲ, ಬೀದಿಯೂ ಇಲ್ಲ.

"ನೀವು ಎಲ್ಲಿಯೋರು ಸ್ವಾಮಿ?"

ದಫೇದಾರ ತಾನೇ ಮುಂದೆ ನಡೆದ. ಏರಿ ಇಳಿದ, ತೂಬು ದಾಟಿದ, ಕೇರಿಯ ಮೂರನೆ ತಿರುವಿನಲ್ಲಿ ತಿರುಗಿದ. ತಗ್ಗು ಬಾಗಿಲ ಮುಂದೆ ಯಾರೂ ಹೇಳದೆಯೇ ತಲೆ ಬಗ್ಗಿಸಿ ನಿಂತ. ಅಷ್ಟು ಹೊತ್ತಿಗೆ ದೀಪ ಹಚ್ಚುವ ಸಮಯ. ಪುಟ್ಟೀರಮ್ಮ ದೀಪ ಹಿಡಿದು ಹೊಸ್ತಿಲಿಗೆ ಬಂದಳು.

"ಅವ್ವಾ, ಇವ್ರು ಈ ಮನೆಯೋರಂತೆ. ಇಲ್ಲಿ ರುಜು ಹಾಕು."

ಅವಳು ನೋಡಿದಳು. ಅವನೂ ನೋಡಿದ. ಕೆನ್ನೆಯಿಂದ ನೀರು ಇಳಿಯುತ್ತಲೇ ಇತ್ತು, ಅವನದೂ ಅವಳದೂ. ಅವಳಿಗೆ ಹೆದರಿಕೆಯಾಗಲಿಲ್ಲ. ಹನ್ನೆರಡು ವರ್ಷ ಕಾದವಳಿಗೆ ಏನು ಹೆದರಿಕೆ? ಅವಳಿಗೆ ಬಂದದ್ದು ಬೈಗುಳವೇ.

"ಥೂ ಮಂಕೇ! ನಿಮ್ಮಪ್ಪ ಕಣ್ಲಾ! ಹೊಸ್ತಿಲಾಚೆ ನಿಲ್ಲಿಸಿ ರುಜು ಕೇಳ್ತೀಯಾ? ಒಳಿಕ್ಕೆ ಕರಿ! ಚಳಿಗೆ ನಡುಗ್ತಾವ್ರೆ, ಕಾಣಾಕಿಲ್ವಾ? ನಾನು ಬಿಸಿ ಗಂಜಿ ತತ್ತೀನಿ. ನೀನು ಟವಲ್ ತಗಂಡು ಒರೆಸು! ಚೆನ್ನಾಗಿ ಒರೆಸು! ಒಂದ್ ಹನಿ ನೀರು ಉಳೀಬಾರ್ದು!"

"ಆಗ್ಲಿ ಅವ್ವ!"

ಪುಟ್ಟೀರಮ್ಮ ಒಲೆ ಊದಿದಳು, ಗಂಜಿ ಕಾಯಿಸಿದಳು, ಚಿಟಿಕೆ ಉಪ್ಪು ಹಾಕಿದಳು, ಗಂಡನಿಗೆ ಇಷ್ಟ ಅಂತ ಇನ್ನೊಂದು ಚಿಟಿಕೆ ಹಾಕಿದಳು. ಬಟ್ಟಲು ಹಿಡಿದು ಬಂದಳು.

ನಡುಮನೆಯಲ್ಲಿ ಮಾಯಣ್ಣ ಒಬ್ಬನೇ ಕೂತಿದ್ದ. ಕೈಯಲ್ಲಿ ತೊಯ್ದು ಭಾರವಾದ ಟವಲು. ನೆಲದ ಮೇಲೆ ತಂತಿ ಸುತ್ತಿದ ಒಂದು ಕಡಗ.

"ಒರೆಸ್ದೆ ಅವ್ವಾ," ಅಂದ, ಹೆಮ್ಮೆಯಿಂದ. "ತಲೆ ಒರೆಸ್ದೆ, ಭುಜ ಒರೆಸ್ದೆ, ಕೈ ಒರೆಸ್ದೆ, ಕಾಲು ಒರೆಸ್ದೆ. ನೋಡು, ಒಂದ್ ಹನೀನೂ ಉಳಿದಿಲ್ಲ!"

ಅವತ್ತು ಮಾತ್ರ ಅವಳು ಬೈಯಲಿಲ್ಲ. ಗಂಜಿ ಬಟ್ಟಲು ಕೆಳಗಿಟ್ಟು, ಅವನ ಕೈಯಿಂದ ಟವಲು ತೆಗೆದುಕೊಂಡು, ಹಿಂಡದೆ ಎದೆಗವಚಿಕೊಂಡು ಕೂತಳು.